ರಕ್ತಪಿಶಾಚಿ ರಾಣಿಯ ಕನ್ನಡ

ಮೂಡಿಗೆರೆಯ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದಾಗಿತ್ತು. ಕಳಸದ ಜೀಪ್ ಮೆಕ್ಯಾನಿಕ್ ಒಬ್ಬರ ಮಗಳು. ನಾನು ವಸ್ತಾರೆ ಕಡೆಯ ಎಸ್ಟೇಟಿನ ಲೈನ್ ಮನೆಯಿಂದ ಬಂದವಳು. ಅಪ್ಪ ಅಮ್ಮ ಇಬ್ಬರೂ ಅಲ್ಲೇ ಕೆಲಸಕ್ಕಿದ್ದರು. ಡಿಗ್ರಿಗೆ ಸೇರಿದ ಹೊಸದರಲ್ಲಿ ನಮ್ಮಿಬ್ಬರ ನಡುವೆ ಅಷ್ಟೇನೂ ಮಾತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಅವಳು ಗೋಡೆಗೊರಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಇಣುಕಿದೆ. ಪಾಳು ಕೋಟೆ, ಬಿಳಿ ಕೂದಲಿನ ಹೆಣ್ಣು, ತುಟಿಯಂಚಿನಲ್ಲಿ ರಕ್ತ.

"ಎಂತ ಇದು? ಸಣ್ಣ ಮಕ್ಕಳ ಕಾರ್ಟೂನಾ?"

"ಅನಿಮೆ ಅಂತಾರೆ. ಕೂತು ನೋಡು, ಆಮೇಲೆ ಹೇಳು," ಎಂದು ಸರಿದು ಜಾಗ ಕೊಟ್ಟಳು.

ರಾಕ್ಷಸರನ್ನು ಬೇಟೆಯಾಡುವ ಮಕ್ಕಳ ಕಥೆ ಅದು. ಖಳರೆಲ್ಲ ರಕ್ತಪಿಶಾಚಿಗಳು, ಅವರಿಗೊಬ್ಬಳು ರಾಣಿ. ಜ್ವರದಿಂದ ಸಾಯುತ್ತಿದ್ದ ತಂಗಿಯನ್ನು ಉಳಿಸಿಕೊಳ್ಳಲು ತಾನೇ ಅವಳ ಕತ್ತು ಕಚ್ಚಿ ಪಿಶಾಚಿ ಮಾಡಿದವಳು. ಅದಕ್ಕಾಗಿ ತಂಗಿ ಮುನ್ನೂರು ವರ್ಷವಾದರೂ ಅವಳನ್ನು ಕ್ಷಮಿಸಿಲ್ಲ. ಜಪಾನೀ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ನನ್ನ ಇಂಗ್ಲಿಷ್ ಆಗ ಬಹಳ ನಿಧಾನ. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಇಬ್ಬರು ಸತ್ತಿರುತ್ತಿದ್ದರು. ಇದನ್ನು ಗಮನಿಸಿದ ಅವಳು ಮೊಬೈಲಿನ ಸದ್ದು ತಗ್ಗಿಸಿ, ಎಲ್ಲರ ಮಾತನ್ನೂ ತಾನೇ ಕನ್ನಡದಲ್ಲಿ ಹೇಳತೊಡಗಿದಳು.

ಮಕ್ಕಳ ಮಾತನ್ನು ಬೇಗ ಬೇಗ ಮುಗಿಸಿಬಿಡುತ್ತಿದ್ದಳು. ರಾಣಿಯದ್ದು ಬಂದಾಗ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. "ಬನ್ನಿ ಮಾರಾಯ್ರೆ, ಒಳಗೆ ಬನ್ನಿ. ನಿಮಗೆ ಕಾಫಿ ಇಡ್ತೇನೆ. ನಾನು ಕುಡಿಯೋದು ಬೇರೆ." ಅವಳ ಸ್ವರ ತೆಳ್ಳಗೆ ಮೇಲೇರಿ, ಬೆದರಿಸುವ ಜಾಗಕ್ಕೆ ಬಂದಾಗ ಸಟ್ಟನೆ ಮೆತ್ತಗಾಗುತ್ತಿತ್ತು. ಕೇಳಲು ಬಂದ ಪಕ್ಕದ ರೂಮಿನವರೂ ಆಗ ನಗು ಬಿಟ್ಟು ಹತ್ತಿರ ಸರಿಯುತ್ತಿದ್ದರು. ಬರಬರುತ್ತ ಭಾನುವಾರದ ಮಧ್ಯಾಹ್ನ ಅರ್ಧ ಹಾಸ್ಟೆಲ್ ನಮ್ಮ ರೂಮಿನಲ್ಲೇ ಇರುತ್ತಿತ್ತು. ಮಳೆಗಾಲದಲ್ಲಿ ಕಾಲೇಜಿನ ಹಾದಿಯಲ್ಲಿ ನನ್ನ ಪಾದಕ್ಕೆ ಜಿಗಣೆಯಂಥ ಇಂಬಳ ಕಚ್ಚಿ ರಕ್ತ ಇಳಿದರೆ, "ರಾಣಿಯ ಕಡೆಯವರು ಬಂದು ಹೋದ್ರು," ಎನ್ನುತ್ತಿದ್ದಳು. ರಾಣಿಯನ್ನು ಯಾರಾದರೂ ಬೈದರೆ ಮಾತ್ರ ಅವಳಿಗೆ ಸಿಟ್ಟು. "ಪಾಪ, ಅವಳಿಗೂ ಹಸಿವಾಗ್ತದಲ್ಲ?"

ನಮ್ಮ ಕೊನೆಯ ಪರೀಕ್ಷೆಯ ಹೊತ್ತಿಗೆ ಸರಣಿ ನಡುವೆಯೇ ನಿಂತಿತು. ಮುಂದಿನ ಭಾಗ ಬಂದಾಗ ಇಬ್ಬರೂ ಒಟ್ಟಿಗೇ ನೋಡಬೇಕೆಂದು ಮಾತಾಯಿತು. ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರ ಆಫೀಸಿಗೆ ಸೇರಿದೆ. ಅವಳು ಕಳಸದಲ್ಲಿ ಸಣ್ಣ ಮಕ್ಕಳ ಟೀಚರ್ ಆದಳು. ವಾರಕ್ಕೊಮ್ಮೆ ಫೋನ್ ಇದ್ದೇ ಇತ್ತು. "ರಾಣಿ ಮಾತಾಡ್ತಿದ್ದೇನೆ" ಎಂದೇ ಶುರು.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. ಸ್ವರದ ನರಕ್ಕೆ ಪೆಟ್ಟಾಗಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರಂತೆ. ಹಾಗೆಯೇ ಆಯಿತು. ಕ್ಲಾಸಿನಲ್ಲಿ ಕೂಗಲಾಗದೆ ಕೆಲಸ ಬಿಟ್ಟಳು. ನನ್ನ ಫೋನ್ ಎತ್ತುವುದನ್ನೂ ಬಿಟ್ಟಳು. ನಾನು ಏನು ಬರೆದರೂ ಉತ್ತರ ಒಂದೇ: "ಆರಾಮಿದ್ದೇನೆ." ಹಳೆಯ ರೆಕಾರ್ಡಿಂಗ್ ಏನಾದರೂ ಇದೆಯೇ ಎಂದು ಹುಡುಕಿದೆ. ಹಾಸ್ಟೆಲಿನ ಕಾಲದ ನನ್ನ ಮೊಬೈಲ್ ಯಾವತ್ತೋ ಹಾಳಾಗಿತ್ತು. ದಿನಾ ಎದುರಿಗೇ ಇದ್ದವಳನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕೆಂದು ಆಗ ಯಾರಿಗೆ ಹೊಳೆಯುತ್ತದೆ?

ಎಂಟು ತಿಂಗಳಾದ ಮೇಲೆ ಸರಣಿಯ ಮುಂದಿನ ಭಾಗ ಬಂತು. ಅವಳಿಗೆ ತಿಳಿಸಿದೆ. ಎರಡು ದಿನ ಬಿಟ್ಟು ಒಂದೇ ಅಕ್ಷರದ ಉತ್ತರ: "ಬಾ."

ಆಲ್ದೂರು, ಬಾಳೆಹೊನ್ನೂರು ದಾಟಿ ಬಸ್ಸು ಕಳಸ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಗ್ಯಾರೇಜಿನ ಮೇಲೆಯೇ ಅವರ ಮನೆ. ಅವಳ ಅಮ್ಮ ನನ್ನ ಕೈ ಹಿಡಿದುಕೊಂಡು, "ನೀನಾದ್ರೂ ಮಾತಾಡಿಸು. ನಮ್ಮ ಹತ್ರಾನೂ ಮಾತಿಲ್ಲ," ಎಂದರು. ಅವಳು ಕಿಟಕಿಯ ಬಳಿ ಕುಳಿತಿದ್ದಳು. ಕತ್ತಿನಲ್ಲಿ ಸಣ್ಣ ಗೆರೆ. ನನ್ನನ್ನು ನೋಡಿ ನಕ್ಕು, ಸರಿದು ಜಾಗ ಕೊಟ್ಟಳು. ಮೊಬೈಲಿನಲ್ಲಿ ಸರಣಿ ಹಾಕಿದಳು.

ಈಗ ನನಗೆ ಆ ಇಂಗ್ಲಿಷ್ ಸಲೀಸು. ಓದಿಕೊಂಡು ಹೋದೆ. ಕಥೆ ತಿಳಿಯುತ್ತಿತ್ತು, ಆದರೆ ನೋಡಬೇಕೆಂಬ ಆಸೆಯೇ ಹುಟ್ಟುತ್ತಿರಲಿಲ್ಲ. ರಾಣಿ ಬಂದಾಗ ಅವಳು ನನ್ನನ್ನು ಮೊಣಕೈಯಿಂದ ತಿವಿದು, ನೀನು ಹೇಳು ಎಂದು ಸನ್ನೆ ಮಾಡಿದಳು. ಹೇಳಿದೆ. ಎರಡು ಸಾಲು ಆಗುವಷ್ಟರಲ್ಲಿ ಒಣ ಎಲೆ ಉಜ್ಜಿದಂಥ ಸ್ವರ ಕೇಳಿತು.

"ಅವಳು ರಾಣಿ ಮಾರಾಯ್ತಿ. ನೀನು ಆಫೀಸಲ್ಲಿ ಕಾಫಿ ಪಾರ್ಚ್‌ಮೆಂಟ್ ರೇಟ್ ಓದಿದ ಹಾಗೆ ಓದ್ತೀಯಲ್ಲ!"

ನಗು ಬಂತು, ಅದರ ಹಿಂದೆಯೇ ಅಳು. "ನಿನ್ನ ಸ್ವರ ಎಷ್ಟು ನೆನಪಾಗ್ತಿತ್ತು ಗೊತ್ತಾ?" ಎಂದುಬಿಟ್ಟೆ.

ಅವಳು ಮೊಬೈಲ್ ಮಗುಚಿಟ್ಟಳು. "ನಿನಗೆ ಆ ಸ್ವರ ಬೇಕಾ, ನಾನು ಬೇಕಾ?" ಕೆಮ್ಮಿ, ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಫೋನ್ ಎತ್ತಿದ್ರೆ ನೀನು ಅದನ್ನೇ ಹುಡುಕ್ತೀಯ ಅಂತ ಗೊತ್ತಿತ್ತು. ಅದು ನನಗೂ ಬೇಕು. ನಿನಗಿಂತ ಜಾಸ್ತಿ ಬೇಕು."

ನಾನು ಅವಳ ಕೈ ಹಿಡಿದು ಕುಳಿತೆ. ಕೆಳಗೆ ಅವಳ ಅಪ್ಪ ಯಾವುದೋ ಜೀಪನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಿದ್ದರು. ಅವಳೇ ಮೊಬೈಲ್ ಮತ್ತೆ ತಿರುಗಿಸಿಟ್ಟು ಹೇಳಿದಳು, "ಉಳಿದದ್ದು ಓದು. ಸರಿಯಾಗಿ ಓದು."

ಸಂಜೆಯ ಬಸ್ಸಿನವರೆಗೂ ಓದಿದೆ. ತಪ್ಪಿದಲ್ಲೆಲ್ಲ ಬೈಸಿಕೊಂಡೆ.

ಈಗ ಅವಳು ಫೋನ್ ಎತ್ತುತ್ತಾಳೆ. ಹೆಚ್ಚು ಹೊತ್ತು ಮಾತಾಡಿದರೆ ಸುಸ್ತಾಗುತ್ತದೆ, ಆದ್ದರಿಂದ ನಾನೇ ಜಾಸ್ತಿ ಮಾತಾಡುತ್ತೇನೆ. ಅವಳ ಈ ಸ್ವರವೂ ನನಗೆ ಬೇಕಾದದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೂ ಆಫೀಸಿನಲ್ಲಿ ಕೆಲಸದ ನಡುವೆ ಒಮ್ಮೊಮ್ಮೆ ಹಳೆಯದನ್ನು ಕೇಳಿಸಿಕೊಳ್ಳಲು ಪ್ರಯತ್ನಿಸುತ್ತೇನೆ. ಅವಳು ಹೇಳಿದ ಒಂದೊಂದು ಮಾತೂ ನೆನಪಿದೆ. ಸ್ವರ ಮಾತ್ರ ಈಚೆಗೆ ಸರಿಯಾಗಿ ಹಿಡಿತಕ್ಕೆ ಸಿಗುತ್ತಿಲ್ಲ. ಇದನ್ನು ನಾನು ಅವಳಿಗೆ ಹೇಳಿಲ್ಲ.