ಬಟ್ಟೆ ಒಗೆಯುವ ಕಟ್ಟೆ ನೋಡಲು ಫ್ರಾನ್ಸಿಗೆ ಹೋದವರು

ಹೋದ ತಿಂಗಳು ಭಾಗ್ಯ ನಮ್ಮ ವಾಟ್ಸಾಪ್ ಗ್ರೂಪ್ ಬಿಟ್ಟು ಹೋದಳು. ಜಗಳವಿಲ್ಲ, ವಾದವಿಲ್ಲ, ಒಂದು ಬೈ ಕೂಡ ಇಲ್ಲ. ‘ಭಾಗ್ಯ ಲೆಫ್ಟ್’ ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬಂತು. ಎರಡು ನಿಮಿಷಕ್ಕೆ ಅದರ ಕೆಳಗೆ ಯಾರೋ ತಟ್ಟೆ ಇಡ್ಲಿಯ ಫೋಟೊ ಹಾಕಿದರು. ಇಡ್ಲಿಗೆ ಸಾಲಾಗಿ ಹಾರ್ಟ್ ಬಿದ್ದವು. ಭಾಗ್ಯ ಯಾಕೆ ಹೋದಳು ಅಂತ ಒಬ್ಬರೂ ಕೇಳಲಿಲ್ಲ. (ನಾನೂ ಕೇಳಲಿಲ್ಲ. ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆ.)

ಭಾಗ್ಯ ಯಾರು ಅಂತ ಹೇಳಿಬಿಡುತ್ತೇನೆ. ಚಾಮರಾಜನಗರದ ಕಡೆಯವಳು. ಸ್ಟೂಡೆಂಟ್ ಆಗಿ ಬಂದು, ನರ್ಸ್ ಆಗಿ, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಈಗ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ಮನೆ ಮಾಡಿದ್ದಾಳೆ. ನಲವತ್ತರ ಹತ್ತಿರ. ನನ್ನನ್ನು ಆಂಟಿ ಅನ್ನದೆ ಅಕ್ಕ ಅಂದಳು, ಅಷ್ಟಕ್ಕೇ ನನಗೆ ಇಷ್ಟವಾದಳು. ಅವಳನ್ನು ಪರಿಚಯ ಮಾಡಿಸಿದ್ದು ವನಿತಾ. ವನಿತಾ ನನ್ನ ಕಾಲೇಜು ದಿನಗಳ ಗೆಳತಿ, ಅವಳೂ ಅವಳ ಗಂಡ ರಘುವೂ ಮೆಲ್ಬರ್ನಿನಲ್ಲೇ ಇದ್ದಾರೆ. ವನಿತಾಗೆ ಆಪರೇಷನ್ ಆದಾಗ ಹತ್ತು ದಿನ ದಿನಾ ಗಂಜಿ ಮಾಡಿ ತಂದುಕೊಟ್ಟವಳು ಭಾಗ್ಯ. ಮನೆಯವರು ಕೂಡ ಅಷ್ಟು ಮಾಡುತ್ತಾರೋ ಇಲ್ಲವೋ.

ಭಾಗ್ಯ ಮಾಂಸ ತಿನ್ನುವುದಿಲ್ಲ. ಅವಳ ಪುಳಿಯೋಗರೆ ತಿಂದವರು ತಮ್ಮ ಮನೆಯದನ್ನು ಮರೆಯುತ್ತಾರೆ. ಇಷ್ಟರ ಮೇಲೆ ವನಿತಾ ಒಂದು ತೀರ್ಮಾನಕ್ಕೆ ಬಂದಿದ್ದಳು. “ನಮ್ಮ ಪೈಕಿಯೇ ಇರಬೇಕು ಕಣೆ, ಕೇಳೋದು ಚೆನ್ನಾಗಿರಲ್ಲ” ಅಂದಿದ್ದಳು ನನ್ನ ಹತ್ತಿರ. ನಾನೂ ಹೌದಿರಬೇಕು ಅಂದಿದ್ದೆ. ಭಾಗ್ಯ ಏನನ್ನೂ ಹೇಳಿರಲಿಲ್ಲ, ಏನನ್ನೂ ಮುಚ್ಚಿಟ್ಟಿರಲೂ ಇಲ್ಲ. ಊಹೆಯೆಲ್ಲ ನಮ್ಮದೇ.

ಇನ್ನು ನನ್ನ ವಿಷಯ. ಈ ಅಂಕಣ ಓದುವವರಿಗೆ ನನ್ನ ಜಿಪುಣತನ ಹೊಸದಲ್ಲ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಕೊಂಡ ಮೇಲೆ ನನಗೆ ಪ್ರಪಂಚದಲ್ಲಿ ಯಾವ ಊರಿಗೆ ಹೋದರೂ ಮೊದಲು ಕಾಣುವುದು ಟಿಕೆಟ್ ಇಲ್ಲದ ಜಾಗ. ಹೀಗಾಗಿ ಈ ಸಲದ ರಜೆಗೆ ಫ್ರಾನ್ಸ್ ಅಂತ ವನಿತಾ ಹಟ ಹಿಡಿದಾಗ, ಪ್ಲಾನಿಂಗ್ ನನ್ನ ತಲೆಗೆ ಬಂತು. ಪ್ಯಾರಿಸ್ ಬೇಡವೇ ಬೇಡ ಅಂದೆ. ಕ್ಯೂನಲ್ಲಿ ನಿಲ್ಲಲಿಕ್ಕೂ ದುಡ್ಡು ಕೇಳುವ ಊರು ಯಾರಿಗೆ ಬೇಕು?

ಬರ್ಗಂಡಿಯ ಹಳ್ಳಿಗಾಡು ಹುಡುಕಿದೆ. ನಿಜಕ್ಕೂ ಚಿನ್ನದಂಥ ಜಾಗ. ಶತಮಾನಗಳ ಹಳೆಯ ಚರ್ಚುಗಳು, ಬಾಗಿಲು ತಳ್ಳಿದರೆ ಆಯಿತು, ಕೇಳುವವರಿಲ್ಲ. ಕಾಲುವೆಯ ದಂಡೆಯಲ್ಲಿ ಎಷ್ಟು ದೂರ ಬೇಕಾದರೂ ನಡೆಯಬಹುದು. ದೋಣಿ ಬಂದಾಗ ನೀರು ಏರಿಸಿ ಇಳಿಸುವ ಗೇಟಿನ ಹತ್ತಿರ ನಿಂತರೆ ಅರ್ಧ ದಿನ ಹೋಗಿದ್ದೇ ಗೊತ್ತಾಗುವುದಿಲ್ಲ. ವಾರದ ಸಂತೆಯಲ್ಲಿ ರುಚಿ ನೋಡಿ ಅಂತ ಕೊಡುವ ಚೀಸಿನಲ್ಲೇ ಬ್ರೇಕ್‌ಫಾಸ್ಟ್ ಮುಗಿಸಬಹುದು. (ಮುಗಿಸಿದೆವು.) ಇದೆಲ್ಲದರ ಜೊತೆಗೆ, ಎಷ್ಟೋ ಹಳ್ಳಿಗಳಲ್ಲಿ ಬಟ್ಟೆ ಒಗೆಯುವ ಹಳೆಯ ಕಟ್ಟೆಗಳಿವೆ. ಕಲ್ಲಿನ ತೊಟ್ಟಿ, ಸುತ್ತ ಇಳಿಜಾರಿನ ಚಪ್ಪಡಿ, ಮೇಲೆ ಹೆಂಚಿನ ಸೂರು. ಅಲ್ಲಿಯವರು ಅದನ್ನು ಲಾವ್ವಾರ್ ಅನ್ನುತ್ತಾರೆ. ಮೆಷೀನ್ ಬರುವ ಮೊದಲು ಊರ ಹೆಂಗಸರೆಲ್ಲ ಒಗೆಯುತ್ತಿದ್ದದ್ದು ಅಲ್ಲಿ. ಈಗ ಸುತ್ತ ಹೂವಿನ ಕುಂಡ ಇಟ್ಟಿದ್ದಾರೆ. ನನ್ನ ಪಟ್ಟಿಗೆ ಇದಕ್ಕಿಂತ ಬೇಕೆ?

ಹ್ಯಾರಿಸ್ ಪಾರ್ಕ್‌ನ ಇಂಡಿಯನ್ ಅಂಗಡಿಯಲ್ಲಿ ಅವಲಕ್ಕಿ, ಚಟ್ನಿಪುಡಿ, ಹುಣಸೆಹಣ್ಣು ಕೊಂಡು ಒಂದು ಸೂಟ್‌ಕೇಸ್ ತುಂಬಿಸಿದೆ. ನಾನು, ನನ್ನ ಯಜಮಾನರು, ವನಿತಾ, ರಘು, ಗಂಡನಿಗೆ ರಜೆ ಸಿಗದೆ ಒಬ್ಬಳೇ ಬಂದ ಭಾಗ್ಯ. ಐದು ಜನಕ್ಕೆ ಒಂದು ವ್ಯಾನು, ಹಳ್ಳಿಯಲ್ಲೊಂದು ಬಾಡಿಗೆ ಮನೆ. ಮೊದಲ ಮೂರು ದಿನ ಅಡುಗೆಮನೆ ಭಾಗ್ಯಳ ಕೈಯಲ್ಲಿತ್ತು. ವನಿತಾ ಪಕ್ಕದಲ್ಲಿ ನಿಂತು, “ಉಪ್ಪು ನೀನೇ ಹಾಕು ಕಣೆ, ನಿನ್ನ ಕೈ ಅಳತೆ ನಂಗೆ ಬರಲ್ಲ” ಅನ್ನುತ್ತಿದ್ದಳು.

ನಾಲ್ಕನೇ ದಿನ ಲಾವ್ವಾರ್‌ಗೆ ಹೋದೆವು.

“ಇಷ್ಟು ದೂರ ಬಂದು ದೋಬಿ ಘಾಟ್ ನೋಡೋದಾ? ಟಿಕೆಟ್ ಯಾಕಿಲ್ಲ ಅಂತ ಈಗ ಗೊತ್ತಾಯ್ತು” ಅಂದ ರಘು. ಎಲ್ಲರೂ ನಕ್ಕೆವು. ವನಿತಾ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಡಿಯ ಮುಂದೆ ನಿಂತು, ಇಲ್ಲದ ಬಟ್ಟೆಯನ್ನು ತಲೆಯ ಮೇಲಿಂದ ಎತ್ತಿ ಎತ್ತಿ ಬಡಿಯುವ ಹಾಗೆ ಆಕ್ಟಿಂಗ್ ಮಾಡಿದಳು. ಜೊತೆಗೆ ಬಾಯಲ್ಲಿ “ಹುಸ್ಸ್, ಹುಸ್ಸ್” ಅಂತ ಸೌಂಡ್. ನಾನು ವಿಡಿಯೊ ಮಾಡಿದೆ. ನಗುವಿನಲ್ಲಿ ನನ್ನ ಕೈ ಅಲ್ಲಾಡಿದ್ದು ವಿಡಿಯೊದಲ್ಲಿ ಈಗಲೂ ಕಾಣುತ್ತದೆ.

ಭಾಗ್ಯ ಅಷ್ಟು ಹೊತ್ತು ಅಲ್ಲಿದ್ದ ಬೋರ್ಡನ್ನು ಫೋನ್ ಹಿಡಿದು ಅನುವಾದ ಮಾಡಿಸಿಕೊಂಡು ಓದುತ್ತಿದ್ದಳು. ಚಳಿಗಾಲದಲ್ಲಿ ಐಸ್ ಒಡೆದು ಒಗೆಯುತ್ತಿದ್ದರಂತೆ, ಬೂದಿ ಹಾಕಿ ಕುದಿಸುತ್ತಿದ್ದರಂತೆ. ಓದಿ ಮುಗಿಸಿ ಬಂದು, “ಹಂಗಲ್ಲ ವನಿತಕ್ಕ, ಹಂಗ್ ಬಡಿದ್ರೆ ಸಾಯಂಕಾಲದ ಹೊತ್ತಿಗೆ ಸೊಂಟ ಇರಲ್ಲ” ಅಂದಳು. ಚಪ್ಪಡಿಯ ಮುಂದೆ ಮಂಡಿಯೂರಿದಳು. ಅಂಗೈಯಲ್ಲಿ ಕಲ್ಲಿನ ಇಳಿಜಾರು ಸವರಿ ನೋಡಿದಳು. “ಇಲ್ಲಿ ಕೂತು ಉಜ್ತಿದ್ರು ಇವ್ರು. ನಾವು ನಿಂತ್ಕೊಂಡು ಒಗೀತಿದ್ವಿ.”

“ನಾವು ಅಂದ್ರೆ?” ವನಿತಾ ಕೇಳಿದಳು.

“ನಮ್ಮಮ್ಮ, ನಾನು. ಊರಿನ ಬಟ್ಟೆಯೆಲ್ಲ ನಮ್ಮನೆಗೇ ಬರ್ತಿತ್ತಲ್ಲ. ಇವ್ರು ಬೂದಿ ಹಾಕ್ತಿದ್ರಂತೆ, ನಾವು ಚೌಳುಮಣ್ಣು ಹಾಕಿ ದೊಡ್ಡ ಮಡಕೇಲಿ ಬೇಯಿಸ್ತಿದ್ವಿ. ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಒಗ್ದಿದೀನಿ ನಾನು.” ಸಂಕೋಚವಿಲ್ಲ, ದುಃಖವೂ ಇಲ್ಲ. ಖುಷಿಯಲ್ಲಿದ್ದಳು. “ನೋಡಕ್ಕ, ಒಗೆದೋರಿಗೆ ಬೋರ್ಡ್ ಹಾಕವ್ರೆ ಇಲ್ಲಿ. ಒಂದು ಫೋಟೊ ತೆಗೀರಿ, ಅಮ್ಮಂಗೆ ಕಳಿಸ್ತೀನಿ.”

ತೆಗೆದೆ. ವ್ಯಾನ್ ಹತ್ತುವ ಹೊತ್ತಿಗೆ ಅಮ್ಮನ ವಾಯ್ಸ್ ಮೆಸೇಜ್ ಬಂತು. ಭಾಗ್ಯ ಜೋರಾಗಿಯೇ ಕೇಳಿಸಿದಳು. “ಮ್ಯಾಲೆ ಸೂರು ಹಾಕವ್ರಲ್ಲವ್ವ. ನಮ್ಗೆ ಒಂದ್ ಮರದ್ ನೆಳ್ಳೂ ಇರ್ನಿಲ್ಲ.” ಆಮೇಲೆ ಆ ತಾಯಿಯ ನಗು. ವ್ಯಾನಿನಲ್ಲಿ ಬೇರೆ ಯಾರೂ ನಗಲಿಲ್ಲ. ರಘು ದಾರಿ ತಪ್ಪುತ್ತದೆ ಅಂತ ಮ್ಯಾಪ್ ನೋಡತೊಡಗಿದ. ಒಂದೇ ರಸ್ತೆ ಇತ್ತು.

ಅವತ್ತು ಸಂಜೆ ಭಾಗ್ಯ ಅಡುಗೆಮನೆಗೆ ಬಂದಾಗ ವನಿತಾ ಆಗಲೇ ಅಕ್ಕಿ ತೊಳೆದಿಟ್ಟಿದ್ದಳು. “ನೀವು ರೆಸ್ಟ್ ತಗೊಳ್ಳಿ ಭಾಗ್ಯ, ದಿನಾ ನೀವೇ ಮಾಡ್ತಿದ್ದೀರಿ, ಪಾಪ” ಅಂದಳು. ಬೆಳಿಗ್ಗೆವರೆಗೆ ‘ನೀನು’ ಇದ್ದವಳು ಸಂಜೆಗೆ ‘ನೀವು’ ಆಗಿದ್ದಳು. ನಮ್ಮವರು ಮರ್ಯಾದೆ ಕೊಟ್ಟೇ ದೂರ ಇಡುತ್ತಾರೆ. ಮರುದಿನವೂ ರೆಸ್ಟ್, ಅದರ ಮರುದಿನವೂ ರೆಸ್ಟ್. ನರ್ಸಿನ ಕೆಲಸದಲ್ಲಿ ಕಾಣದ ರೆಸ್ಟನ್ನೆಲ್ಲ ವನಿತಾ ಅವಳಿಗೆ ಕೊಟ್ಟಳು.

ಬೈದರೆ ಎದುರು ಮಾತಾಡಬಹುದು. ರೆಸ್ಟ್ ತಗೊಳ್ಳಿ ಅಂದರೆ ಏನು ಮಾತಾಡುವುದು?

ಇಲ್ಲಿ ಆಫೀಸ್ ಮೀಟಿಂಗಿನಲ್ಲಿ ಯಾರಾದರೂ ‘ನೀನು ನಿಜವಾಗಿ ಎಲ್ಲಿಯವಳು’ ಅಂತ ಕೇಳಿದರೆ ನಮಗೆ ಮೈಯೆಲ್ಲ ಉರಿಯುತ್ತದೆ. ಒಂದು ವಾರ ಅದೇ ಮಾತು, ಮನೆಯಲ್ಲಿ, ಟ್ರೇನಿನಲ್ಲಿ, ಗ್ರೂಪಿನಲ್ಲಿ. ನಾನೇ ಈ ಅಂಕಣದಲ್ಲಿ ಅದರ ಬಗ್ಗೆ ಸಿಟ್ಟಿನಿಂದ ಬರೆದಿದ್ದೇನೆ, ನೀವು ಮೆಚ್ಚಿ ಈಮೇಲ್ ಮಾಡಿದ್ದೀರಿ. ನಾವು ಅದೇ ಪ್ರಶ್ನೆಯನ್ನು ಕೇಳುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ಪುಳಿಯೋಗರೆ ತಿಂದು ಉತ್ತರ ಕಂಡುಹಿಡಿಯುತ್ತೇವೆ. ಉತ್ತರ ತಪ್ಪಾಗಿದ್ದರೆ ಪುಳಿಯೋಗರೆ ಮಾಡಿದವಳದೇ ತಪ್ಪು.

ನನಗೆ ಎಲ್ಲ ಕಾಣುತ್ತಿತ್ತು. ವನಿತಾಳ ಮೇಲೆ ಸಿಟ್ಟು ಬರುತ್ತಿತ್ತು. ಬಾಯಿ ಬಿಟ್ಟೆನೇ? ಇಲ್ಲ. ರಜೆ ಹಾಳಾಗುತ್ತದೆ, ಎಲ್ಲ ಬುಕ್ ಮಾಡಿಯಾಗಿದೆ, ವಾಪಸ್ ಹೋದ ಮೇಲೆ ಮಾತಾಡೋಣ ಅಂದುಕೊಂಡೆ. ಅದರ ಬದಲು ಭಾಗ್ಯಳ ಜೊತೆ ಒಂದು ಕೈ ಹೆಚ್ಚೇ ಸಲುಗೆಯಿಂದ ಇದ್ದೆ. ವ್ಯಾನಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ಅವಳ ತಟ್ಟೆಯಿಂದ ಎಲ್ಲರೆದುರು ಹಪ್ಪಳ ಮುರಿದುಕೊಂಡೆ. (ವನಿತಾ ನೋಡಲಿ ಅಂತಲೇ.)

ಏಳನೇ ದಿನ ಸಂತೆಯಲ್ಲಿ ಚೆರ್ರಿ ತಿನ್ನುವಾಗ ನನ್ನ ಬಿಳಿ ಕುರ್ತಿಯ ಮೇಲೆ ರಸ ಬಿತ್ತು. ಮನೆಗೆ ಬಂದವಳೇ ಬಿಚ್ಚಿ, ಕೈಯಲ್ಲಿ ಹಿಡಿದು ಭಾಗ್ಯಳ ರೂಮಿಗೆ ಹೋದೆ. “ಈ ಕಲೆ ಹೋಗತ್ತಾ ನೋಡೆ” ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕುರ್ತಿ ಇಸಿದುಕೊಂಡಳು. ಮರುದಿನ ಬೆಳಿಗ್ಗೆ ಅದು ನನ್ನ ಹಾಸಿಗೆಯ ಮೇಲಿತ್ತು. ಕಲೆ ಇಲ್ಲ. ಇಸ್ತ್ರಿ ಮಾಡಿ, ಅಂಗಡಿಯಿಂದ ತಂದ ಹಾಗೆ ಮಡಚಿಟ್ಟಿದ್ದಳು. ನಾನು ಥ್ಯಾಂಕ್ಸ್ ಅಂದೆ. ಅಷ್ಟಕ್ಕೇ ಸುಮ್ಮನಿರದೆ, “ನಿನ್ನ ಕೈ ಬಿದ್ರೆ ಮುಗೀತು ಬಿಡು” ಅಂದೆ. ಅದನ್ನು ಹೊಗಳಿಕೆ ಅಂತಲೇ ಅಂದುಕೊಂಡಿದ್ದೆ.

ವಾಪಸ್ ಬಂದ ಮೇಲೆ ಮೆಲ್ಬರ್ನಿನಲ್ಲಿ ಹಬ್ಬದ ಪಾಟ್‌ಲಕ್ ಆಯಿತು. ಯಾರು ಏನು ತರಬೇಕು ಅಂತ ವನಿತಾ ಗ್ರೂಪಿನಲ್ಲಿ ಪಟ್ಟಿ ಹಾಕಿದಳು. ಪುಳಿಯೋಗರೆಯ ಮುಂದೆ ಅವಳದೇ ಹೆಸರು. ಭಾಗ್ಯಳ ಹೆಸರಿನ ಮುಂದೆ ಪೇಪರ್ ಪ್ಲೇಟು, ಪ್ಯಾಕೆಟ್ ಜ್ಯೂಸು. ಭಾಗ್ಯ ಎರಡನ್ನೂ ತಂದು ಕೊಟ್ಟು, ಡ್ಯೂಟಿ ಇದೆ ಅಂತ ಊಟ ಮಾಡದೆ ಹೋದಳಂತೆ. ಗ್ರೂಪ್ ಬಿಟ್ಟದ್ದು ಆಮೇಲೆ.

ಹೋದ ವಾರ ಆಫೀಸ್ ಕೆಲಸದ ಮೇಲೆ ಮೆಲ್ಬರ್ನಿಗೆ ಹೋದವಳು ಬಾಕ್ಸ್ ಹಿಲ್‌ನಲ್ಲಿ ಅವಳ ಮನೆಗೆ ಹೋದೆ. ಅವಳು ಆಗಷ್ಟೇ ಶಿಫ್ಟ್ ಮುಗಿಸಿ ಬಂದಿದ್ದಳು. ಕಾಫಿ ಮಾಡಿದಳು. ವಿಮಾನದಲ್ಲಿ ರೆಡಿ ಮಾಡಿಕೊಂಡಿದ್ದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ವನಿತಾ ಮಾಡಿದ್ದು ತಪ್ಪು, ನಾನು ಅವತ್ತೇ ಬಾಯಿ ಬಿಡಬೇಕಿತ್ತು, ನಾವೆಲ್ಲ ಹಾಗಲ್ಲ, ನೀನು ಗ್ರೂಪಿಗೆ ವಾಪಸ್ ಬಾ. ಹೇಳುವಾಗ ಕಣ್ಣಲ್ಲಿ ನೀರೂ ಬಂತು. ನನ್ನ ಒಳ್ಳೆಯತನಕ್ಕೆ ನಾನೇ ಕರಗಿಹೋಗಿದ್ದೆ.

ಭಾಗ್ಯ ಕೇಳಿಸಿಕೊಂಡಳು. “ವನಿತಕ್ಕನ ಮೇಲೆ ನಂಗೆ ಬೇಜಾರಿಲ್ಲ ಕಣಕ್ಕ. ಅವ್ರು ಇಷ್ಟೇ ಅಂತ ಗೊತ್ತಾಯ್ತು, ಮುಗೀತು” ಅಂದಳು.

“ಮತ್ತೆ?”

“ನಿಮ್ಮನ್ನ ಒಂದು ಕೇಳ್ಬೇಕಿತ್ತು.”

“ಕೇಳು.”

“ಆ ಮನೇಲಿ ನಿಮ್ಮ ರೂಮ್ ಪಕ್ಕದಲ್ಲೇ ವಾಷಿಂಗ್ ಮೆಷೀನ್ ಇತ್ತಲ್ಲ ಅಕ್ಕ, ಕುರ್ತಿ ಹಿಡ್ಕೊಂಡು ಅದನ್ನ ದಾಟಿ ನೀವು ನನ್ನ ರೂಮಿಗೆ ಯಾಕೆ ಬಂದ್ರಿ?”