ಮಗಳ ಬಾಯಿಪಾಠ

ಲಾಕ್‌ಡೌನಿನಲ್ಲಿ ಆಕ್ಲೆಂಡಿನ ಶಾಲೆಗಳು ಮುಚ್ಚಿದಾಗ ನನ್ನ ಮಗಳಿಗೆ ಆರು ವರ್ಷ. ಅಕ್ಷರ ಕೂಡಿಸಿ ಓದುವುದನ್ನು ಆಗಷ್ಟೇ ಶುರು ಮಾಡಿದ್ದಳು. ನಾನು ಆಸ್ಪತ್ರೆಯಲ್ಲಿ ನರ್ಸ್. ಗಂಡ ಹಗಲೆಲ್ಲ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ. ಪಾಳಿ ಮುಗಿಸಿ ಮೌಂಟ್ ರಾಸ್ಕಿಲ್‌ನ ಮನೆಗೆ ಬಂದು, ಸ್ನಾನ ಮಾಡಿ, ಅವಳನ್ನು ಓದಲು ಕೂರಿಸುವಷ್ಟರಲ್ಲಿ ನನ್ನ ತಾಳ್ಮೆ ಖಾಲಿಯಾಗಿರುತ್ತಿತ್ತು.

ಟೀಚರ್ ವಾರಕ್ಕೆರಡು ಸಣ್ಣ ಪುಸ್ತಕಗಳನ್ನು ಕಂಪ್ಯೂಟರಿಗೆ ಕಳಿಸುತ್ತಿದ್ದರು. ಮಗು ಓದುವುದನ್ನು ವಿಡಿಯೊ ಮಾಡಿ ನಾವು ವಾಪಸು ಕಳಿಸಬೇಕು. ಅವಳು ಪದಪದಕ್ಕೂ ತಡವರಿಸುತ್ತಿದ್ದಳು. ಕಾಯುವ ವ್ಯವಧಾನ ನನಗೆಲ್ಲಿತ್ತು? ಧಾರವಾಡದ ಕಡೆಯ ಕನ್ನಡ ಶಾಲೆಯಲ್ಲಿ ನಾನು ಮಗ್ಗಿ, ಪದ್ಯ ಕಲಿತ ರೀತಿಯೇ ನೆನಪಾಯಿತು.

"ನಾ ಹೇಳತೇನಿ, ನೀ ನನ್ನ ಹಿಂದ ಅನ್ನು," ಎಂದೆ.

ನಾಲ್ಕು ಸಲ ಹೇಳಿಸಿದರೆ ಇಡೀ ಪುಸ್ತಕ ಬಾಯಿಗೆ ಬರುತ್ತಿತ್ತು. ಆಮೇಲೆ ವಿಡಿಯೊ. ಸಾಲಿನ ಕೆಳಗೆ ಬೆರಳಾಡಿಸುವುದನ್ನೂ ಕಲಿಸಿದ್ದೆ. ಟೀಚರ್ ನಕ್ಷತ್ರ ಕಳಿಸಿದರು, ಮುಂದಿನ ವಾರ ಇನ್ನಷ್ಟು ಕಠಿಣ ಪುಸ್ತಕ ಕಳಿಸಿದರು. ಜೊತೆಯ ನರ್ಸ್‌ಗಳು ತಮ್ಮ ಮಕ್ಕಳ ಓದಿನ ಬಗ್ಗೆ ಕೊರಗಿದರೆ ನಾನು ಬುದ್ಧಿ ಬೇರೆ ಹೇಳುತ್ತಿದ್ದೆ. ಕೆಟ್ಟ ಜಂಬ.

ಶಾಲೆ ತೆರೆದ ಕೆಲವು ವಾರಕ್ಕೆ ಟೀಚರ್ ನನ್ನನ್ನು ಕರೆಸಿದರು. ನನ್ನೆದುರೇ ಅವಳ ಕೈಗೆ ಹೊಸ ಪುಸ್ತಕವೊಂದನ್ನು ಕೊಟ್ಟರು. ಮಗಳು ಪುಸ್ತಕ ನೋಡಲಿಲ್ಲ, ನನ್ನ ಬಾಯಿ ನೋಡಿದಳು. ನಾನು ಹೇಳಿಕೊಡಲೆಂದು ಕಾದಳು. ತುಂಬ ಮಕ್ಕಳು ಓದಿನಲ್ಲಿ ಹಿಂದುಳಿದಿದ್ದಾರೆ, ಮೊದಲೇ ಗೊತ್ತಾಗಿದ್ದರೆ ಸುಲಭದ ಪುಸ್ತಕ ಕಳಿಸುತ್ತಿದ್ದೆ ಎಂದಷ್ಟೇ ಟೀಚರ್ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಾರಿನಲ್ಲಿ ಮಗಳ ಮೇಲೇ ರೇಗಿದೆ. "ಮನ್ಯಾಗ ಎಲ್ಲಾ ಬರತಿತ್ತಲ್ಲ, ಅಲ್ಲೇನಾತು ನಿನಗ?" ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಇಲ್ಲಿ ಆ ಅತ್ತೆಯೂ ನಾನೇ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಈಗ ಅವಳಿಗೆ ಹತ್ತು. ಓದಿನ ಹೊತ್ತಿಗೆ ತನಗಿಂತ ಚಿಕ್ಕವರ ಗುಂಪಿನಲ್ಲಿ ಕೂರುತ್ತಾಳೆ. ಲೆಕ್ಕದಲ್ಲಿ ಚುರುಕು, ಆದರೆ ಅದೇ ಲೆಕ್ಕವನ್ನು ವಾಕ್ಯದಲ್ಲಿ ಕೇಳಿದರೆ ಮುಗಿಯಿತು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಮೊನ್ನೆ ಅಡುಗೆಮನೆಯಲ್ಲಿ ಇಬ್ಬರೂ ಚಪಾತಿ ಲಟ್ಟಿಸುವಾಗ ಧೈರ್ಯ ಮಾಡಿ ಹೇಳಿದೆ.

"ತಪ್ಪು ನಂದವ್ವಾ. ನಾನಾ ನಿನಗ ಓದಲಿಕ್ಕೆ ಬಿಡಲಿಲ್ಲ."

ಅತ್ತಾಳು, ಇಲ್ಲವೇ ಸಿಟ್ಟಾದಾಳು ಅಂದುಕೊಂಡಿದ್ದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಬೆನ್ನು ಸವರಿ ನನಗೇ ಸಮಾಧಾನ ಹೇಳಿದಳು.

"ಇಟ್ಸ್ ಓಕೆ, ಅಮ್ಮಾ. ಐ ಯಾಮ್ ಜಸ್ಟ್ ನಾಟ್ ಸ್ಮಾರ್ಟ್."