ಬರ್ತೇನೆ ಎಂದರೆ ಯಾವಾಗ

ಮಳೆ ಹಿಂದೆ ಸರಿದು ಬಿಸಿಲು ಕಾಯತೊಡಗಿದ ಒಂದು ಶನಿವಾರ ಮಧ್ಯಾಹ್ನ ಓಮಾ ಫೋನಿನಲ್ಲಿ ನೇರವಾಗಿ ಕೇಳಿಬಿಟ್ಟರು. “ನೀನು ಬರ್ತೀಯಾ, ಬರುವುದಿಲ್ಲವಾ? ಮುಂದಿನ ಶನಿವಾರ ಹೇಳು. ಅದರ ನಂತರದ ಮಂಗಳವಾರ ನಾನು ಸಹಿ ಹಾಕಬೇಕು. ಹಾಕದಿದ್ದರೆ ಆ ಮನೆ ಇನ್ನೊಬ್ಬರಿಗೆ ಹೋಗುತ್ತದೆ.”

ಓಮಾ ಎಂದರೆ ಡಚ್ ಮಾತಿನಲ್ಲಿ ಅಜ್ಜಿ. ಅವರು ನಮ್ಮ ಅಜ್ಜಿಯೇನೂ ಅಲ್ಲ. ಗಂಡನ ಕೆಲಸದ ದೆಸೆಯಿಂದ ನಾವು ಏಳು ವರ್ಷ ನೆದರ್‌ಲ್ಯಾಂಡ್ಸಿನ ಒಂದು ಸಣ್ಣ ಕಡಲೂರಿನಲ್ಲಿದ್ದಾಗ ಪಕ್ಕದ ಮನೆಯವರು. ಮಗಳು ಹಾಗೆ ಕರೆದಳು, ನಮಗೂ ಅದೇ ರೂಢಿಯಾಯಿತು. ಅವರಿಗೀಗ ಎಪ್ಪತ್ತೊಂಬತ್ತು. ಅವರ ಗಂಡ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅಲ್ಲಿಯ ಮನೆಗಳು ಪುಸ್ತಕಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ, ಅಗಲ ಇಲ್ಲ, ಎತ್ತರವೇ ಎಲ್ಲ. ಒಳಗಿನ ಮೆಟ್ಟಿಲು ನಮ್ಮ ಕಡೆ ಅಟ್ಟಕ್ಕೆ ಇಡುವ ಏಣಿಗಿಂತ ಸ್ವಲ್ಪವೇ ಮೇಲು. ಆ ಮೆಟ್ಟಿಲಿನಲ್ಲಿ ಓಮಾ ಒಮ್ಮೆ ಜಾರಿ ಸೊಂಟ ಉಳುಕಿಸಿಕೊಂಡಿದ್ದರು. ಆಮೇಲೆ ವಯಸ್ಸಾದವರಿಗೆಂದೇ ಕಟ್ಟಿದ ಮನೆಗಳ ಸಾಲಿನಲ್ಲಿ ಒಂದು ಖಾಲಿಯಾಯಿತು. ನೆಲದ ಮಟ್ಟದ್ದು, ಮೆಟ್ಟಿಲಿಲ್ಲ. ಆದರೆ ಅದರಲ್ಲಿ ಮಲಗುವ ಕೋಣೆ ಒಂದೇ, ಬಂದವರನ್ನು ಇಳಿಸಿಕೊಳ್ಳಲು ಜಾಗವಿಲ್ಲ. ಈಗಿನ ಮನೆಯಲ್ಲಾದರೆ ಮೇಲಿನ ಕೋಣೆ ಉಂಟು. ಮೂರು ವರ್ಷದಿಂದ ಆ ಕೋಣೆಯ ಹಾಸಿಗೆಯ ಹೊದಿಕೆ ಬದಲಿಸಿ ಅವರು ನಮಗಾಗಿ ಕಾದಿಟ್ಟಿದ್ದರು. ಯಾಕೆಂದರೆ ಹೊರಡುವಾಗ ನಾನು ‘ಬರ್ತೇನೆ’ ಎಂದಿದ್ದೆ.

ನಮ್ಮಲ್ಲಿ ಯಾರೂ ‘ಹೋಗ್ತೇನೆ’ ಎನ್ನುವುದಿಲ್ಲ. ನಾನು ಮಾತು ಕಲಿತದ್ದು ಕಾಪುವಿನ ಅಜ್ಜಿಯ ಮಡಿಲಲ್ಲಿ. ಆರೇಳು ವರ್ಷದವಳಿದ್ದಾಗ ಒಮ್ಮೆ ಶಾಲೆಗೆ ಹೊರಟವಳು ತುಳುವಿನಲ್ಲಿ ‘ಪೋಪೆ’ ಎಂದುಬಿಟ್ಟೆ, ಹೋಗುತ್ತೇನೆ ಎಂದು. ಅಜ್ಜಿ ಅಂಗಳದಿಂದ ನನ್ನನ್ನು ವಾಪಸು ಕರೆಸಿ, ಚಾವಡಿಯಲ್ಲಿ ಕೂರಿಸಿ, ಒಂದು ಲೋಟ ನೀರು ಕುಡಿಸಿ, ‘ಪೋದು ಬರ್ಪೆ’, ಹೋಗಿ ಬರುತ್ತೇನೆ, ಎಂದು ಹೇಳಿಸಿಯೇ ಮತ್ತೆ ಕಳಿಸಿದರು. ಶಾಲೆಗೆ ತಡವಾಯಿತು. ಮೇಷ್ಟ್ರು ಕೇಳಿದಾಗ ಕಾರಣ ಹೇಳಿದೆ, ಅವರೂ ಅಜ್ಜಿಯದೇ ಸರಿ ಎಂದರು. ಅಜ್ಜಿಯ ಹತ್ತಿರ ಇಂಥವು ಬೇಕಾದಷ್ಟಿದ್ದವು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಕರೆದವರಿಗೆ ‘ಬರುವುದಿಲ್ಲ’ ಎಂದು ಹೇಳುವುದಂತೂ ಬಾಗಿಲು ಮುಖಕ್ಕೆ ಹಾಕಿದ ಹಾಗೆ. ‘ನೋಡುವ’ ಎನ್ನಬಹುದು, ‘ದೇವರು ನಡೆಸಿದ ಹಾಗೆ’ ಎನ್ನಬಹುದು, ಏನೂ ತೋಚದಿದ್ದರೆ ನಕ್ಕು ತಲೆಯಾಡಿಸಬಹುದು.

ಈ ಮಾತನ್ನು ಹೊತ್ತುಕೊಂಡು ನಾನು ಮಣಿಪಾಲದಿಂದ ಆ ಊರಿಗೆ ಹೋಗಿ ಇಳಿದೆ. ಮೊದಲ ವಾರವೇ ಓಮಾ ಕಾಫಿಗೆ ಕರೆದರು. ಒಂದು ಲೋಟ ಕಾಫಿ, ಒಂದು ಬಿಸ್ಕತ್ತು. ಡಬ್ಬಿಯನ್ನು ಮುಚ್ಚಿ ಕಪಾಟಿನಲ್ಲಿಟ್ಟರು. ಎರಡನೆಯದಕ್ಕೆ ಒತ್ತಾಯ ಮಾಡುತ್ತಾರೆ, ಬೇಡ ಬೇಡ ಎನ್ನುವ ಎಂದು ನಾನು ಸಿದ್ಧಳಾಗಿದ್ದೆ, ಆ ಅವಕಾಶವೇ ಬರಲಿಲ್ಲ. ಎದ್ದು ಹೊರಡುವಾಗ, ಆಗಷ್ಟೇ ಕಲಿತ ಡಚ್ಚಿನಲ್ಲಿ, ‘ಇಕ್ ಕೊಮ್’ ಎಂದೆ. ಬರ್ತೇನೆ ಎಂದು. ಅವರು ಕಣ್ಣರಳಿಸಿ “ವನೇರ್?” ಎಂದು ಕೇಳಿದರು. ಯಾವಾಗ?

ನನ್ನ ಜನ್ಮದಲ್ಲಿ ಯಾರೂ ಹಾಗೆ ಕೇಳಿದ್ದಿಲ್ಲ. ಬರ್ತೇನೆ ಎಂದವರನ್ನು ಯಾವಾಗ ಎಂದು ಕೇಳುತ್ತಾರೆಯೇ? ಗಾಬರಿಯಲ್ಲಿ ಬಾಯಿಗೆ ಬಂದದ್ದು ‘ನಾಳೆ’. ಮನೆಗೆ ಬಂದು ಮರೆತೂಬಿಟ್ಟೆ. ಮರುದಿನ ಹತ್ತೂವರೆಗೆ ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕದ ಕಿಟಕಿಯಲ್ಲಿ ಮೇಜಿನ ಮೇಲೆ ಎರಡು ಲೋಟ ಕಂಡವು, ಯಾರೋ ನೆಂಟರು ಬರುವವರಿರಬೇಕು ಎಂದುಕೊಂಡೆ. ಆಮೇಲೆ ಮೂರು ದಿನ ನನ್ನ ನಮಸ್ಕಾರಕ್ಕೆ ಉತ್ತರ ಬರಲಿಲ್ಲ. ನಾಲ್ಕನೆಯ ದಿನ ಅವರೇ ಬಾಗಿಲು ತಟ್ಟಿ, ನೀನು ಬರ್ತೇನೆ ಎಂದೆ, ಬರಲಿಲ್ಲ, ಹುಷಾರಿಲ್ಲವಾ ಎಂದು ಕೇಳಿದರು. ಅಜ್ಜಿಯ ಕಥೆಯನ್ನು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ನಕ್ಕು ಮುಗಿದ ಮೇಲೆ ಚೀಲದಿಂದ ಪುಟ್ಟ ಪುಸ್ತಕ ತೆಗೆದು, ಹಾಗಾದರೆ ಶನಿವಾರ ಹತ್ತೂವರೆ ಎಂದು ಬರೆದುಕೊಂಡರು.

ಅಲ್ಲಿಂದ ಏಳು ವರ್ಷ ನಮ್ಮ ಶನಿವಾರಗಳು ಓಮಾನ ಪುಸ್ತಕದಲ್ಲೇ ಇದ್ದವು. ನನಗೆ ಸೈಕಲ್ ಕಲಿಸಿದ್ದೂ ಅವರೇ. ಕಾಪುವಿನಲ್ಲಿ ನಮ್ಮ ಕಾಲದ ಹೆಣ್ಣುಮಕ್ಕಳಲ್ಲಿ ಸೈಕಲ್ ಹತ್ತಿದವರು ಕಡಿಮೆ. ನಾನು ಹತ್ತಿದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಹಿಂದಿನಿಂದ ಸೀಟು ಹಿಡಿದು ಓಡಿದವರಿಗೆ ಆಗ ಎಪ್ಪತ್ತರ ಹತ್ತಿರ ಹತ್ತಿರ. ಎರಡು ಸಲ ಬಿದ್ದೆ, ಒಂದು ಸಲ ಕಾಲುವೆಯ ಅಂಚಿನವರೆಗೆ ಹೋಗಿ ನಿಂತೆ. ಅವರು ಒಮ್ಮೆಯೂ ‘ಪರವಾಗಿಲ್ಲ, ಚೆನ್ನಾಗಿ ಬಿಡ್ತಿ’ ಎನ್ನಲಿಲ್ಲ. ‘ಕೆಟ್ಟದಾಗಿ ಬಿಡ್ತಿ, ಮುಂದಿನ ವಾರ ಇದಕ್ಕಿಂತ ಕಡಿಮೆ ಕೆಟ್ಟದಾಗಿ ಬಿಡ್ತಿ’ ಎಂದರು. ಹಾಗೆಯೇ ಆಯಿತು. ಮಳೆಯಿರಲಿ ಚಳಿಯಿರಲಿ, ಬ್ರೆಡ್ಡಿನ ನಡುವೆ ಚೀಸ್ ಇಟ್ಟ ಡಬ್ಬಿ ಕಟ್ಟಿಕೊಂಡು ಮರಳ ದಿಬ್ಬಗಳ ನಡುವಿನ ದಾರಿಯಲ್ಲಿ ಸಮುದ್ರಕ್ಕೆ. ಎದುರು ಗಾಳಿಯಲ್ಲಿ ಪೆಡಲು ತುಳಿದು ತುಳಿದು ತೊಡೆ ಸೋತಾಗ ದೂರದಲ್ಲಿ ಅಲ್ಲಿಯ ದೀಪಸ್ತಂಭ ಕಾಣುತ್ತಿತ್ತು. ನನಗೆ ಕಾಪುವಿನದು ನೆನಪಾಗುತ್ತಿತ್ತು. ನಮ್ಮ ದೀಪಸ್ತಂಭ ಬಂಡೆಯ ಮೇಲೆ ನಿಂತದ್ದು, ಸಂಜೆ ಮೇಲೆ ಹತ್ತಲು ಬಿಡುತ್ತಾರೆ, ಕೆಳಗೆ ಚರುಮುರಿಯವನು ಇರುತ್ತಾನೆ, ಸಮುದ್ರದ ನೀರು ಬೆಚ್ಚಗಿರುತ್ತದೆ ಎಂದೆಲ್ಲ ನಾನು ಹೇಳುತ್ತಾ ಹೋದರೆ ಓಮಾ ಕೊನೆಯದನ್ನು ಮಾತ್ರ ನಂಬುತ್ತಿರಲಿಲ್ಲ.

ಅವರ ಮನೆಯ ಶೌಚಾಲಯದ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಅಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ, ಬಂಧುಬಳಗದ ಹುಟ್ಟುಹಬ್ಬಗಳನ್ನು ಅದರಲ್ಲಿ ಬರೆದಿಡುತ್ತಾರೆ. ಇಸವಿ ಇಲ್ಲ, ವಾರ ಇಲ್ಲ, ತಾರೀಖು ಮಾತ್ರ. ವರ್ಷ ವರ್ಷವೂ ಅದೇ ನಡೆಯುತ್ತದೆ. ಎರಡನೆಯ ವರ್ಷ ಅದರಲ್ಲಿ ನಮ್ಮ ಮೂವರ ಹೆಸರು ಕಂಡು ನಾನು ಹಿಗ್ಗಿದೆ. ಅಂಬಲಪಾಡಿಗೆ ಫೋನು ಮಾಡಿ ಅತ್ತೆಗೆ ಹೇಳಿದೆ. ಅತ್ತೆ, “ನಿಮ್ಮ ಹೆಸರು ಬರೀಲಿಕ್ಕೆ ಅವರಿಗೆ ಬೇರೆ ಜಾಗ ಸಿಗಲಿಲ್ವಾ?” ಎಂದು ಕೇಳಿದರು.

ಮೂರು ವರ್ಷದ ಹಿಂದೆ ಊರಿಗೆ ಮರಳುವ ದಿನ ಬಾಗಿಲಲ್ಲಿ ನಿಂತು ಓಮಾನನ್ನು ತಬ್ಬಿಕೊಂಡಾಗ ಮತ್ತೆ ಅದೇ ಮಾತು ಬಾಯಿಗೆ ಬಂತು. ಇಕ್ ಕೊಮ್. ಅಭ್ಯಾಸದ ಮಾತು. ಅವರಿಗೂ ಅದು ಅಭ್ಯಾಸದ್ದೆಂದು ಗೊತ್ತಿತ್ತು. ಆದರೂ ಒಳಗೆ ಹೋಗಿ ಪೆನ್ಸಿಲು ತಂದು ಯಾವಾಗ ಎಂದು ಕೇಳಿದರು. ಟ್ಯಾಕ್ಸಿಯವ ಗಡಿಯಾರ ನೋಡುತ್ತಿದ್ದ. ಏಪ್ರಿಲ್, ಹೂ ಅರಳುವಾಗ, ಎಂದೆ. ಅದನ್ನು ಅವರು ಆ ಇಸವಿಯಿಲ್ಲದ ಕ್ಯಾಲೆಂಡರಿನಲ್ಲೇ ಬರೆದರು.

ಮೂರು ಏಪ್ರಿಲ್ ಕಳೆದವು. ಹೋಗದೆ ಇದ್ದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಒಂದು ವರ್ಷ ಅತ್ತೆಯ ಮೊಣಕಾಲಿನ ಆಪರೇಷನ್, ಒಂದು ವರ್ಷ ನನಗೆ ಮಣಿಪಾಲದಲ್ಲಿ ಸಿಕ್ಕಿದ ಹೊಸ ಕೆಲಸ, ಒಂದು ವರ್ಷ ಸುಮ್ಮನೆ. ಈ ವರ್ಷ ಮಗಳಿಗೆ ಎಸ್ಸೆಸ್ಸೆಲ್ಸಿ. ಪ್ರತಿ ಶನಿವಾರ ಅಲ್ಲಿಯ ಹತ್ತೂವರೆಗೆ ಅವರ ಫೋನು ಬರುತ್ತದೆ. ಏಪ್ರಿಲ್ ಮಾತೆತ್ತಿದಾಗೆಲ್ಲ ನಾನು ‘ನೋಡುವ’ ಎಂದು ದಾಟಿಸಿದೆ. ನನ್ನ ‘ನೋಡುವ’ದ ಮೇಲೆ ಅವರು ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆಂಬುದು ಅವರು ಸಹಿಯ ಮಾತೆತ್ತಿದ ಮೇಲೆಯೇ ನನ್ನ ತಲೆಗೆ ಹೋದದ್ದು.

ಆ ವಾರ ಮನೆಯಲ್ಲಿ ಇದೇ ಚರ್ಚೆ. ಅಡುಗೆಮನೆಯಲ್ಲಿ ಮಟ್ಟುಗುಳ್ಳ ಬದನೆ ಹೆಚ್ಚುತ್ತಾ ಅತ್ತೆ ತೀರ್ಪು ಕೊಟ್ಟರು. “ಬರ್ತೇನೆ ಅಂತಲೇ ಹೇಳು. ಹೇಳಿದ್ರೆ ಎಂತ ಖರ್ಚುಂಟು? ವಯಸ್ಸಾದವರು, ಒಂದು ಆಸೆ ಇರಲಿ.”

ಮಗಳು ಪುಸ್ತಕದಿಂದ ತಲೆಯೆತ್ತಿದಳು. “ಅಜ್ಜಿ, ಅವರು ಅದನ್ನು ಆಸೆ ಅಂತ ತೆಗೆದುಕೊಳ್ಳುವುದಿಲ್ಲ. ಸಿಕ್ಕಿದ ಹೊಸ ಮನೆ ಬಿಟ್ಟುಬಿಡ್ತಾರೆ.”

“ಅಲ್ಲ ಮಾರಾಯ್ತಿ, ಬರುವುದಿಲ್ಲ ಅಂತ ಬಾಯಿ ಬಿಟ್ಟು ಹೇಳ್ಲಿಕ್ಕಾಗ್ತದಾ? ಏಳು ವರ್ಷ ನಿನ್ನನ್ನು ಸಾಕಿದ ಹೆಂಗಸು ಅದು.”

“ಅದಕ್ಕೇ ಹೇಳಬೇಕು,” ಎಂದಳು.

ಗಂಡ ನಡುವೆ ಬಾಯಿ ಹಾಕಲಿಲ್ಲ. ಅವರಿಗೆ ಎರಡೂ ಕಡೆಯವರೊಂದಿಗೆ ಊಟ ಮಾಡಬೇಕಿತ್ತು.

ಆದಿ ಉಡುಪಿಯ ಸಂತೆಯಲ್ಲಿ ಬಸಳೆ ಕಟ್ಟು ಆರಿಸುವಾಗಲೂ, ಮಣಿಪಾಲದ ಬಸ್ಸಿನಲ್ಲಿ ನೇತಾಡುವಾಗಲೂ ನಾನು ಲೆಕ್ಕ ಹಾಕಿದ್ದು ಒಂದನ್ನೇ. ಏನಾದರೂ ಮಾಡಿ ಹೋಗಬಹುದೇ? ಪರೀಕ್ಷೆ, ವೀಸಾ, ರಜೆ, ಅತ್ತೆಯ ಇನ್ನೊಂದು ಮೊಣಕಾಲು. ಹೋಗಬೇಕೆಂಬ ಆಸೆ ಎಷ್ಟೆಂದರೆ, ಕಣ್ಣು ಮುಚ್ಚಿದರೆ ಆ ಏಣಿಮೆಟ್ಟಿಲನ್ನು ನಾನು ಕತ್ತಲಲ್ಲೂ ಹತ್ತಬಲ್ಲೆ. ಮೂರನೆಯದು ಕಿರುಗುಡುತ್ತದೆ. ಮೇಲಿನ ಕೋಣೆಯ ಕಿಟಕಿಯಿಂದ ಹಿಂದಿನ ಮನೆಯವರ ಕೋಳಿಗೂಡು ಕಾಣುತ್ತದೆ. ಆದರೆ ಆಸೆ ಬೇರೆ, ಏಪ್ರಿಲ್ ಬೇರೆ. ಶುಕ್ರವಾರದ ಹೊತ್ತಿಗೆ ನನಗೆ ಉತ್ತರ ಗೊತ್ತಿತ್ತು, ಅದನ್ನು ಹೇಳುವ ಬಾಯಿ ಮಾತ್ರ ಇರಲಿಲ್ಲ.

ಶನಿವಾರ ತಿರುಗಾಟದ ಅಭ್ಯಾಸವನ್ನು ನಾವು ಊರಿಗೂ ತಂದಿದ್ದೇವೆ. ಒಂದು ವಾರ ಕಾಪುವಿನ ಕಡಲು, ಒಂದು ವಾರ ಮಣಿಪಾಲದ ಎಂಡ್ ಪಾಯಿಂಟಿನ ಕಟ್ಟೆಯಲ್ಲಿ ಕೂತು ಕೆಳಗಿನ ಹೊಳೆ ನೋಡುವುದು, ಒಂದು ವಾರ ಪೆರ್ಡೂರಿನ ಕಡೆ. ಬ್ರೆಡ್ಡಿನ ಡಬ್ಬಿ ಸಮೇತ. ನೆಂಟರಿಗೆ ಇದು ದೊಡ್ಡ ತಮಾಷೆ, ದಾರಿಯುದ್ದಕ್ಕೂ ಹೋಟೆಲಿರುವಾಗ ಬನ್ಸು, ಗೋಳಿಬಜೆ ಬಿಟ್ಟು ಒಣ ಬ್ರೆಡ್ಡು ಕಟ್ಟಿಕೊಂಡು ಹೋಗುವ ಕರ್ಮ ಯಾಕೆಂದು. ಆ ಶನಿವಾರ ಕಾರ್ಕಳಕ್ಕೆ ಹೋದೆವು. ಗೊಮ್ಮಟ ಬೆಟ್ಟವನ್ನು ಬೆಳಿಗ್ಗೆಯೇ ಹತ್ತಿ ಇಳಿದು, ಮಧ್ಯಾಹ್ನ ಆನೆಕೆರೆಯ ಬದಿಯ ನೆರಳಲ್ಲಿ ಡಬ್ಬಿ ಬಿಚ್ಚಿದ್ದೆವು. ಎರಡು ಗಂಟೆಗೆ, ಅಲ್ಲಿಯ ಹತ್ತೂವರೆಗೆ, ಸರಿಯಾಗಿ ಫೋನು ಬಂತು.

ಮೊದಲು ಮಗಳು ಮಾತಾಡಿದಳು. ಅವಳ ಡಚ್ಚಿಗೆ ತುಕ್ಕು ಹಿಡಿದಿದೆ, ನಡುನಡುವೆ ತುಳು ಬರುತ್ತದೆ, ಓಮಾ ತಿದ್ದುತ್ತಾರೆ. ಆಮೇಲೆ ಫೋನು ನನ್ನ ಕೈಗೆ ಬಂತು. ನಾನು ಕೆರೆಯ ಕಥೆ ಶುರುಮಾಡಿದೆ. ಬೆಟ್ಟದ ಮೆಟ್ಟಿಲೆಷ್ಟು, ಬಂಡೆ ಎಷ್ಟು ಕಾದಿತ್ತು. ಓಮಾ ಎಲ್ಲ ಕೇಳಿಸಿಕೊಂಡರು. ನಂತರ ನನ್ನ ಹೆಸರು ಹಿಡಿದು ಕರೆದು, “ಹೇಳು,” ಎಂದರು.

“ಓಮಾ,” ಎಂದೆ. “ನಾನು ಬರುವುದಿಲ್ಲ.”

ಏಪ್ರಿಲ್‌ಗಾ, ಅಥವಾ ಯಾವಾಗಲೂ ಇಲ್ಲವಾ ಎಂದು ಅವರು ಕೇಳಿದರು. ಏಪ್ರಿಲ್‌ಗೆ ಇಲ್ಲ, ಅದರ ನಂತರದ್ದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳಿ ನಿಮ್ಮನ್ನು ಮೆಟ್ಟಿಲು ಹತ್ತಿಸುವುದಿಲ್ಲ ಎಂದೆ. ಇಷ್ಟು ಉದ್ದದ ವಾಕ್ಯವನ್ನು ತಪ್ಪಿಲ್ಲದೆ ಡಚ್ಚಿನಲ್ಲಿ ನಾನು ಹೇಳಿದ್ದು ಅದೇ ಮೊದಲಿರಬೇಕು, ಅವರು ತಿದ್ದಲಿಲ್ಲ. ಅವರು ಮೂಗು ಒರೆಸಿಕೊಂಡದ್ದು ಕೇಳಿತು.

“ಒಳ್ಳೆಯದು,” ಎಂದರು ಕೊನೆಗೆ. “ಮೂರು ವರ್ಷದಲ್ಲಿ ಮೊದಲ ಸಲ ನೀನು ನನಗೆ ಉತ್ತರ ಕೊಟ್ಟೆ. ಮಂಗಳವಾರ ಸಹಿ ಹಾಕುತ್ತೇನೆ. ಬೇಜಾರುಂಟು, ಆದರೆ ಸೊಂಟಕ್ಕೆ ಸಂತೋಷ.” ಮತ್ತೆ, ಆ ಕೆರೆಯಲ್ಲಿ ಈಜಬಹುದಾ ಎಂದು ಕೇಳಿದರು.

ವಾಪಸು ಬರುವ ದಾರಿಯಿಡೀ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಗಂಡ ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಕೇಳದೆಯೇ ಬನ್ಸು ಕಟ್ಟಿಸಿ ತಂದರು. ಮನೆಯಲ್ಲಿ ಅತ್ತೆ ಎಲ್ಲ ಕೇಳಿ, ಹಾಗೆ ಹೇಳಲು ನಿನಗೆ ಬಾಯಿ ಹೇಗೆ ಬಂತು ಎಂದರು. ಬಯ್ಗುಳವೋ ಬೆರಗೋ ತಿಳಿಯಲಿಲ್ಲ. ಊಟಕ್ಕೆ ಬಡಿಸುವಾಗ, ಹೊಸ ಮನೆಯಲ್ಲಿ ಬಚ್ಚಲಿಗೆ ಹಿಡಿಕೆ ಉಂಟಾ ಎಂದು ಕೇಳಿ ನೋಡು, ಅದು ಮುಖ್ಯ ಎಂದರು.

ಉಂಟಂತೆ, ಎರಡು. ಓಮಾ ಕ್ರಿಸ್ಮಸ್ಸಿಗೆ ಮೊದಲೇ ಅಲ್ಲಿಗೆ ಹೋದರು. ಹಳೆಯ ಮನೆಗೆ ಗಂಡ ಹೆಂಡತಿ, ಒಂದು ಸಣ್ಣ ಮಗು ಬಂದಿದ್ದಾರೆ. ಮೇಲಿನ ಕೋಣೆ ಮಗುವಿನದು, ಗೋಡೆಗೆ ಕಡು ಹಳದಿ ಬಣ್ಣ ಹೊಡೆಸಿದ್ದಾರಂತೆ. ಆ ಬಣ್ಣ ಸ್ವಲ್ಪವೂ ಚಂದವಿಲ್ಲ ಎಂದು ಓಮಾ ಆ ಗಂಡ ಹೆಂಡತಿಯ ಮುಖಕ್ಕೇ ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಬಂದಿದ್ದಾರೆ.